ಗಂಟು ಗಂಟಾಗಿ ಮೈದಳೆದ ಯಕ್ಷಿ

ಕಲ್ಲು, ಲೋಹಗಳಲ್ಲಿ ಮಾಡಿದ್ದು ಶಿಲ್ಪ, ನೂಲಿನಲ್ಲಿ ಮಾಡಿದ್ದು ಹೆಂಗಸರ ಕೈಕೆಲಸ ಎಂಬ ತಾರತಮ್ಯ ಕಲಾಶಾಲೆಗಳ ಒಳಗೂ ಬೇರೂರಿತ್ತು. 1919ರಲ್ಲಿ ಜರ್ಮನಿಯಲ್ಲಿ ಆರಂಭವಾದ ಬೌಹೌಸ್ ಶಾಲೆ ಗಂಡುಹೆಣ್ಣೆಂಬ ಭೇದವಿಲ್ಲದೆ ಪ್ರವೇಶ ಕೊಡುವುದಾಗಿ ಸಾರಿದರೂ, ಸೇರಿದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರನ್ನು ನೇಯ್ಗೆ ವಿಭಾಗಕ್ಕೇ ಕಳುಹಿಸಿತು. ಗಾಜಿನ ಕೆಲಸ ಕಲಿಯಬಯಸಿದ್ದ ಆನಿ ಆಲ್ಬರ್ಸ್ ಮಗ್ಗದ ಮುಂದೆ ಕೂರಬೇಕಾಯಿತು. ಅವರ ನೇಯ್ಗೆಗೆ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಏಕವ್ಯಕ್ತಿ ಪ್ರದರ್ಶನದ ಗೌರವ ಸಿಕ್ಕಿದ್ದು 1949ರಲ್ಲಿ.

ಅದೇ ವರ್ಷ ಮುಂಬೈಯಲ್ಲಿ ಹುಟ್ಟಿದ ಮೃಣಾಲಿನಿ ಮುಖರ್ಜಿ ಈ ಪ್ರಶ್ನೆಯನ್ನು ಬೇರೆಯೇ ದಿಕ್ಕಿನಿಂದ ಎದುರಿಸಿದರು. ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ ಅವರ ತಂದೆ, ಶಿಲ್ಪಿ ಲೀಲಾ ಮುಖರ್ಜಿ ತಾಯಿ. ಬರೋಡದಲ್ಲಿ ಅವರಿಗೆ ಗುರುವಾಗಿದ್ದ ಕೆ.ಜಿ. ಸುಬ್ರಹ್ಮಣ್ಯನ್ ಕುಶಲಕಲೆಗೂ ಲಲಿತಕಲೆಗೂ ನಡುವೆ ಗೋಡೆ ಕಟ್ಟುವುದನ್ನು ಒಪ್ಪಿದವರಲ್ಲ. ಆ ಪಾಠವನ್ನು ಶಿಷ್ಯೆ ಗುರುವಿಗಿಂತ ಮುಂದಕ್ಕೆ ಒಯ್ದರೆಂದೇ ನನ್ನ ಎಣಿಕೆ.

ಮಗ್ಗವಿಲ್ಲ, ಮುಂಚಿತವಾಗಿ ಬರೆದುಕೊಂಡ ನಕ್ಷೆಯೂ ಇಲ್ಲ. ಬಣ್ಣ ಹಾಕಿದ ನಾರಿನ ಹಗ್ಗವನ್ನು ಕೈಯಿಂದಲೇ ಗಂಟಿಕ್ಕುತ್ತಾ ಹೋಗುವುದು, ಆಕೃತಿ ತಾನಾಗಿ ಬೆಳೆದು ಬರುವವರೆಗೆ ತಿಂಗಳುಗಟ್ಟಲೆ ಕಾಯುವುದು, ಇದು ಅವರ ಕ್ರಮ. 1984ರ ‘ಯಕ್ಷಿ’ಯನ್ನು ನೋಡಿ. ದೂರದಿಂದ ಗರ್ಭಗುಡಿಯ ದೇವತೆಯಂತೆ ನೆಟ್ಟಗೆ ನಿಂತ ಆಕೃತಿ ಹತ್ತಿರವಾದಂತೆ ಮಡಿಕೆ ಮಡಿಕೆಯಾಗಿ ಬಿಚ್ಚಿಕೊಳ್ಳುತ್ತದೆ. ಹೂವಿನ ಎಸಳೆಂದುಕೊಂಡದ್ದು ಮೈಯ ಮಡಿಕೆಯಾಗುತ್ತದೆ, ಬಿಗಿದ ಗಂಟುಗಳ ಸಾಲು ಚರ್ಮದ ಹಾಗೆ ಕಾಣುತ್ತದೆ. ಅವರ ಹಲವು ಕೃತಿಗಳಲ್ಲಿ ಸ್ತ್ರೀ, ಪುರುಷ, ಗಿಡ ಒಂದರೊಳಗೊಂದು ಬೆರೆತು, ಇದು ಇಂಥ ದೇಹವೆಂದು ಬೆರಳಿಟ್ಟು ಹೇಳಲಾಗದಂತೆ ನಿಲ್ಲುತ್ತವೆ. ಹೆಣ್ಣಿನದೆಂದು ಹಣೆಪಟ್ಟಿ ಹಚ್ಚಿದ ಕೆಲಸದಿಂದಲೇ ದೇಹದ ಹಣೆಪಟ್ಟಿಯನ್ನೂ ಕಳಚುವ ಈ ಧೈರ್ಯ ನನ್ನನ್ನು ಬಹಳ ತಟ್ಟುತ್ತದೆ.

ಆದರೂ ಇದು ಶಿಲ್ಪವೋ ಕರಕುಶಲವೋ ಎಂಬ ಚರ್ಚೆ ಅವರನ್ನು ದಶಕಗಳ ಕಾಲ ಬಿಡಲಿಲ್ಲ. ಕಂಚಿನಲ್ಲಿ ಕೆಲಸ ಮಾಡಿದವರಿಗೆ ಯಾರೂ ಹೀಗೆ ಕೇಳುವುದಿಲ್ಲ. ಮುಂದೆ ಅವರೇ ಸೆರಾಮಿಕ್ ಮತ್ತು ಕಂಚಿಗೆ ಹೊರಳಿದಾಗಲೂ ಅವೇ ಎಸಳು, ಅವೇ ಮಡಿಕೆಗಳು ಮೂಡಿದವು.

2015ರ ಜನವರಿಯಲ್ಲಿ ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅವರ ಜೀವಮಾನದ ಕೃತಿಗಳ ಪ್ರದರ್ಶನ ತೆರೆದ ಕೆಲವೇ ದಿನಗಳಲ್ಲಿ ಮೃಣಾಲಿನಿ ತೀರಿಕೊಂಡರು. 2019ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ ಏರ್ಪಡಿಸಿದ ಪ್ರದರ್ಶನದಲ್ಲಿ ಹಗ್ಗದ ದೇವತೆಗಳೂ ಕಂಚಿನ ಆಕೃತಿಗಳೂ ಜೊತೆಯಾಗಿಯೇ ನಿಂತಿದ್ದವು.