ಗೋಣಿಯಲ್ಲಿ ನಿಲ್ಲದ ಬೀಜ

ಮೃಗಶಿರಾ ಮಳೆ ಹಿಡಿಯುತ್ತಿದ್ದಂತೆ ನಮ್ಮ ಮಲೆನಾಡಿನ ಕಡೆ ಹಳೆಯ ಜಗಳವೊಂದು ಚಿಗುರುತ್ತದೆ. ಅಕೇಶಿಯಾ ಕಡಿದ ಜಾಗಕ್ಕೆ ಏನು ನೆಡಬೇಕು? ಸಭೆಯಲ್ಲಿ ಕೂತವರೆಲ್ಲ ‘ಕಾಡುಜಾತಿ’ ಎನ್ನುತ್ತಾರೆ, ಅರಣ್ಯ ಇಲಾಖೆಯವರೂ ತಲೆಯಾಡಿಸುತ್ತಾರೆ. ಕೊನೆಗೆ ಲಾರಿಯಿಂದ ಇಳಿಯುವ ಸಸಿಯೇ ಬೇರೆ. ಯಾರದೋ ಸಂಚು ಎಂದು ನಂಬಿದವರು ಬಹಳ. ನನಗೆ ಕಾಣುವುದು ಬೀಜದ ಸ್ವಭಾವ ಒಂದು, ಬಜೆಟ್ಟಿನ ಕ್ಯಾಲೆಂಡರ್ ಇನ್ನೊಂದು.

ಸೊರಬದ ಕಾನುಗಳ, ಅಂದರೆ ನಿತ್ಯಹಸಿರು ಕಾಡಿನ ತುಣುಕುಗಳ ಬಗ್ಗೆ ಬ್ರಿಟಿಷರ ಕಾಲದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ವರದಿ ಬರೆದದ್ದು 1868ರಲ್ಲಿ. ಆಮೇಲೆ ತೇಗದ ತೋಪು, 1950ರ ವನಮಹೋತ್ಸವ, 1964ರ ಲಿಂಗನಮಕ್ಕಿ ಅಣೆಕಟ್ಟು, ನೀಲಗಿರಿ ನೆಡುತೋಪು. ನೂರು ಚಿಲ್ಲರೆ ವರ್ಷವನ್ನು ಇಷ್ಟರಲ್ಲೇ ದಾಟಬಹುದು. ಗಂಟು ಬಿದ್ದದ್ದು ಈಚೆಗೆ.

1980ರಲ್ಲಿ ಭದ್ರಾವತಿಯ ಕಾಗದ ಕಾರ್ಖಾನೆಗೆ ಸಾವಿರಾರು ಹೆಕ್ಟೇರ್ ಅರಣ್ಯಭೂಮಿ 40 ವರ್ಷದ ಗುತ್ತಿಗೆಗೆ ಹೋಯಿತು. ಅದೇ ದಶಕದಲ್ಲಿ ಸಾಮಾಜಿಕ ಅರಣ್ಯವೂ ಬಂತು. ಆಸ್ಟ್ರೇಲಿಯಾ ಕಡೆಯ ಅಕೇಶಿಯಾ ಎರಡಕ್ಕೂ ಒಗ್ಗಿತು. ಅದರ ಬೀಜ ಕಪ್ಪಗೆ, ಗಟ್ಟಿ. ಡಬ್ಬಿಯಲ್ಲಿಟ್ಟರೆ ವರ್ಷಗಟ್ಟಲೆ ಕೆಡದು. ಬೇಕಾದ ದಿನ ಬಿಸಿನೀರು ಹೊಯ್ದು, ರಾತ್ರಿ ನೆನೆಹಾಕಿ ಬಿತ್ತಿದರೆ ಮಳೆಗಾಲದ ಹೊತ್ತಿಗೆ ಸಸಿ ರೆಡಿ. ದನ ಮೂಸುವುದಿಲ್ಲ, ಜಂಬಿಟ್ಟಿಗೆಯ ನೆಲದಲ್ಲೂ ಏಳುತ್ತದೆ. ನರ್ಸರಿಯ ಕೂಲಿ, ಸಸಿ ಬೆಳೆಸುವ ಪ್ಲಾಸ್ಟಿಕ್ ಕೊಟ್ಟೆಯ ಲೆಕ್ಕ, ಗುರಿ, ಬಿಲ್ಲು ಎಲ್ಲವೂ ಇಂಥ ಬೀಜಕ್ಕೆ ಹೊಂದಿ ಬೆಳೆದವು.

ಕಾನಿನ ಬೀಜ ಹಾಗಲ್ಲ. ಹೊನ್ನೆಯ ಹಪ್ಪಳದಂಥ ಕಾಯಿ, ಮತ್ತಿಯ ರೆಕ್ಕೆಕಾಯಿ ಬೇಸಿಗೆಯಲ್ಲಿ ಒಣಗಿ ಸಿಗುತ್ತವೆ. ಒಂದಷ್ಟು ದಿನ ಕಾಯುತ್ತವೆ. ಮುರುಗಲು, ನೇರಳೆ, ಹಲಸು, ರಾಮಪತ್ರೆ, ಸಾಲುಧೂಪ ಮಾತ್ರ ಒಣಗಿದರೆ ಸತ್ತವೆಂದೇ ಲೆಕ್ಕ. ಮಳೆಯ ಆಸುಪಾಸಿನಲ್ಲಿ ಉದುರಿ ಒದ್ದೆ ತರಗೆಲೆಯ ಮೇಲೆ ಮೊಳೆಯುವುದು ಅವುಗಳ ರೂಢಿ. ಒಮ್ಮೆ ನಾನೂ ಸಾಲುಧೂಪದ ಬೀಜ ಆರಿಸಿ ತಂದು, ಕೊಟ್ಟೆಗೆ ಮಣ್ಣು ತುಂಬಿಸಿ ಆಗಲಿಲ್ಲವೆಂದು ಗೋಣಿಚೀಲದಲ್ಲಿ ಒಂದು ವಾರ ಬಿಟ್ಟಿದ್ದೆ. ಬಿಚ್ಚಿದರೆ ಅರ್ಧ ಬೀಜ ಬೇರು ಬಿಟ್ಟು ಗೋಣಿಯ ನೂಲಿಗೇ ಹೆಣೆದುಕೊಂಡಿತ್ತು, ಉಳಿದರ್ಧಕ್ಕೆ ಬೂಸಲು. ಕೀಳಲು ಹೋದರೆ ಬೇರಿನ ತುದಿ ಚೀಲದಲ್ಲೇ ಉಳಿಯುತ್ತಿತ್ತು.

ಆರಿಸುವವರಿಗೆ ಮರಕ್ಕಿಂತ ಮರದಡಿಯ ನೆಲ ಮುಖ್ಯ. ಮಂಗಟ್ಟೆ ಹಕ್ಕಿಯ ಗೂಡಿನ ಕೆಳಗೆ ರಾಮಪತ್ರೆ ಬೀಜ ಶುಚಿಯಾಗಿ ಬಿದ್ದಿರುತ್ತದೆ, ಪುನುಗುಬೆಕ್ಕಿನ ಹಿಕ್ಕೆಯಲ್ಲಿ ಬಗನಿ ಮರದ ಬೀಜ. ಆದರೆ 1990ರ ದಶಕದಲ್ಲಿ, ಮೈ ಕರಗಿಸುವ ಔಷಧಿಗೆಂದು ಮುರುಗಲಿನ ಜಾತಿಯದೇ ಆದ ಉಪ್ಪಾಗೆಯ ಸಿಪ್ಪೆಗೆ ರೇಟು ಬಂದಾಗ, ಕಾಯಿ ಹಣ್ಣಾಗುವವರೆಗೆ ಕಾಯುವ ತಾಳ್ಮೆ ಯಾರಿಗೂ ಉಳಿಯಲಿಲ್ಲ. ಬಲಿಯದ ಕಾಯಿಯ ಬೀಜ ಹುಟ್ಟುವುದೂ ಇಲ್ಲ. ಬಲಿತದ್ದೂ ಓಡು ಸುಲಿಯದಿದ್ದರೆ ತಿಂಗಳುಗಟ್ಟಲೆ ಮಣ್ಣಲ್ಲೇ ಮಲಗಿರುತ್ತದೆ.

ಇದಕ್ಕೆ ಎದುರು ಮಾತು ಇರಲಿಲ್ಲವೆಂದಲ್ಲ. 1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಶುರುವಾದ ಅಪ್ಪಿಕೋ ಚಳವಳಿ ‘ಉಳಿಸು, ಬೆಳೆಸು, ಬಳಸು’ ಎಂದಿತ್ತು. ಜನಕ್ಕೆ ನೆನಪಿರುವುದು ಮರ ತಬ್ಬಿದ್ದು. ನಡುವಿನ ‘ಬೆಳೆಸು’ ಸದ್ದಿಲ್ಲದ ಕೆಲಸ, ಸುದ್ದಿಯಾಗಲಿಲ್ಲ. ಇತ್ತೀಚೆಗೆ ಮಣ್ಣಿನ ಉಂಡೆಯೊಳಗೆ ಬೀಜವಿಟ್ಟು ಎಸೆಯುವ ಬೀಜದುಂಡೆಯ ಭರಾಟೆ. ಫೋಟೊಕ್ಕೆ ಚೆಂದ. ಆದರೆ ಒಣಗಿಸಿಟ್ಟ ಉಂಡೆಯೊಳಗೆ ಸಾಲುಧೂಪ ಬದುಕಿರುವುದಿಲ್ಲ.

2020ರಲ್ಲಿ ಕಾಗದ ಕಾರ್ಖಾನೆಯ ಗುತ್ತಿಗೆಯ ಅವಧಿ ಮುಗಿದು ಅದರ ಮುಂದುವರಿಕೆಯ ಪ್ರಶ್ನೆ ಬಂದಾಗ ಶಿವಮೊಗ್ಗ ಜಿಲ್ಲೆಯುದ್ದಕ್ಕೂ ವಿರೋಧ ಎದ್ದಿತು. ನ್ಯಾಯವಾದ ಸಿಟ್ಟೇ. ಅದರ ಜೊತೆಗೆ ಹೊಸ ತಕರಾರೂ ಹುಟ್ಟಿಕೊಂಡಿತು: ಅಕೇಶಿಯಾವನ್ನು ಒಮ್ಮೆಲೇ ಬೋಳಿಸಬೇಕೋ, ಅದರ ನೆರಳಲ್ಲೇ ಕಾಡುಜಾತಿ ಬೆಳೆಸಬೇಕೋ? ಬೋಳಿಸಿದ ಗುಡ್ಡದಲ್ಲಿ ಹೊನ್ನೆ, ಮತ್ತಿ, ನೆಲ್ಲಿ ಬಿಸಿಲು ತಡೆದಾವು. ಎಳೆಯ ಸಾಲುಧೂಪ, ರಾಮಪತ್ರೆ ಮೊದಲ ಬೇಸಿಗೆಗೇ ಸುಟ್ಟುಹೋಗುತ್ತವೆ. ಹಾಗಾಗಿ ಸಾಲು ಬಿಟ್ಟು ಸಾಲು ಕಡಿಯಿರಿ ಎನ್ನುವವರ ಕಡೆಗೇ ನನ್ನ ಒಲವು. ಇದನ್ನು ಹೇಳಿದರೆ ಅಕೇಶಿಯಾ ಪರ ಎಂಬ ಹಣೆಪಟ್ಟಿ ಸಿಗುತ್ತದೆ, ಇರಲಿ.

ಕಳೆದ ಆಷಾಢದಲ್ಲಿ ನನ್ನ ಸಸಿಮಡಿಗೆ ಇಳಿದ ಸಾಲುಧೂಪ ಈಗ ಗೇಣು ದಾಟಿದೆ. ಇನ್ನೊಂದು ಮಳೆಗಾಲ ಅಡಿಕೆ ಸೋಗೆಯ ಚಪ್ಪರದಡಿಯೇ ಇರಬೇಕು. ಮೊನ್ನೆ ಬಂದವರು ಈ ವರ್ಷದ ಲೆಕ್ಕಕ್ಕೆ ಸಾವಿರ ಸಸಿ ಕೇಳಿದರು. ನೆಲ್ಲಿ ಕೊಟ್ಟು ಕಳಿಸಿದೆ.