ರೊಕ್ಕ ಇರುವುದು ಫೋನಿನಲ್ಲಲ್ಲ

ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಸಂಜೆಯ ಹೊತ್ತು ಗಿರಮಿಟ್ಟು, ಮಿರ್ಚಿ ಮಾರುವ ಬಂಡಿಗಳ ಮುಂದೆ ನಿಂತವರ ಒಂದು ಕೈಯಲ್ಲಿ ತಿನಿಸಿನ ಪೇಪರು, ಇನ್ನೊಂದು ಕೈಯಲ್ಲಿ ಮೊಬೈಲು ಇರುತ್ತದೆ. ‘ಸ್ಕ್ಯಾನರ್ ಎಲ್ಲೈತ್ರಿ?’ ಎಂದು ಕೇಳಿದರೆ ಬಂಡಿಯವರು ಬಾಣಲೆಯಿಂದ ಕಣ್ಣೆತ್ತದೆ, ಕೈಯಲ್ಲಿದ್ದ ಸೌಟಿನಿಂದಲೇ ಗಾಜಿನ ಕಡೆ ತೋರಿಸುತ್ತಾರೆ. ಅಲ್ಲಿ ಅಂಟಿಸಿದ ಕ್ಯುಆರ್ ಚೀಟಿಯ ಒಂದು ಬದಿ ಎಣ್ಣೆ ಸಿಡಿದು ಹಳದಿಯಾಗಿದೆ, ಕೆಳಗಿನ ಅಂಚು ಸುಲಿದಿದೆ. ಆದರೂ ಕ್ಯಾಮೆರಾ ಹಿಡಿದ ಕೂಡಲೇ ಅಂಗಡಿಯ ಹೆಸರು ಮೂಡುತ್ತದೆ, ಪಿನ್ ಒತ್ತಿದ ಎರಡು ಮೂರು ಸೆಕೆಂಡಿಗೆ ಪಕ್ಕದ ಪುಟ್ಟ ಪೆಟ್ಟಿಗೆ ಇಷ್ಟು ರೂಪಾಯಿ ಬಂತೆಂದು ಕನ್ನಡದಲ್ಲಿ ಕೂಗುತ್ತದೆ.

ಈ ಎರಡು ಮೂರು ಸೆಕೆಂಡುಗಳಲ್ಲಿ ಗಿರಾಕಿಯ ಫೋನಿನಿಂದ ಅಂಗಡಿಯವರ ಫೋನಿಗೆ ಹಣ ಹೋಯಿತೆಂದು ಬಹುಪಾಲು ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಫೋನಿನಿಂದ ಫೋನಿಗೆ ಏನೂ ಹೋಗುವುದಿಲ್ಲ. ಹಣ ಮೊದಲೂ ಬ್ಯಾಂಕಿನ ಲೆಕ್ಕದಲ್ಲಿತ್ತು, ಆಮೇಲೂ ಬ್ಯಾಂಕಿನ ಲೆಕ್ಕದಲ್ಲೇ ಉಳಿಯುತ್ತದೆ. ಒಂದು ಖಾತೆಯಲ್ಲಿ ಖರ್ಚು, ಇನ್ನೊಂದರಲ್ಲಿ ಜಮೆ ಬರೆಯಲಾಗುತ್ತದೆ, ಅಷ್ಟೆ. ಬ್ಯಾಂಕಿನ ಕೌಂಟರಿನಲ್ಲಿ ಚೀಟಿ ತುಂಬಿ ಸಹಿ ಹಾಕಿ ಕೊಡುವ ಕೆಲಸವನ್ನು ಫೋನು ನಮ್ಮ ಪರವಾಗಿ ನಿಂತಲ್ಲೇ ಮಾಡಿಸುತ್ತದೆ. ಇದಿಷ್ಟು ಸ್ಪಷ್ಟವಾದರೆ ಮೊಬೈಲ್ ಪಾವತಿಯ ಸುತ್ತಲಿನ ಮುಕ್ಕಾಲು ಗೊಂದಲ, ಅರ್ಧಕ್ಕಿಂತ ಹೆಚ್ಚು ಮೋಸ, ತಾನಾಗಿ ಅರ್ಥವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಚೀಟಿಯಿಂದಲೇ ಆರಂಭಿಸೋಣ. ಕ್ಯುಆರ್ ಕೋಡು ಹುಟ್ಟಿದ್ದು ಹಣಕ್ಕಾಗಿ ಅಲ್ಲ. ಜಪಾನಿನ ಡೆನ್ಸೊ ವೇವ್ ಸಂಸ್ಥೆಯಲ್ಲಿ ಮಸಾಹಿರೊ ಹಾರಾ ಮತ್ತು ಅವರ ಜೊತೆಗಾರರು 1994ರಲ್ಲಿ ಇದನ್ನು ರೂಪಿಸಿದ್ದು ಮೋಟಾರು ಕಾರ್ಖಾನೆಯ ಬಿಡಿಭಾಗಗಳ ಲೆಕ್ಕವಿಡಲು. ಮೂರು ಮೂಲೆಗಳಲ್ಲಿರುವ ದೊಡ್ಡ ಚೌಕಗಳು ಚೀಟಿ ಎಲ್ಲಿದೆ, ಯಾವ ಕಡೆ ವಾಲಿದೆ ಎಂಬುದನ್ನು ಕ್ಯಾಮೆರಾಕ್ಕೆ ತಿಳಿಸುತ್ತವೆ. ನಡುವಿನ ಕಪ್ಪು-ಬಿಳಿ ಮನೆಗಳಲ್ಲಿ ಮಾಹಿತಿ ಅಡಗಿರುತ್ತದೆ. ಎಣ್ಣೆ ಸಿಡಿದರೂ ಓದಲು ಬರುವುದು ಹೇಗೆ? ಇದಕ್ಕೆ ಉತ್ತರ ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲೊಮನ್ ಎಂಬ ಇಬ್ಬರು ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ಒಂದು ವಿಧಾನದಲ್ಲಿದೆ. ಒಂದು ಸರಳರೇಖೆಯನ್ನು ಎಳೆಯಲು ಎರಡು ಬಿಂದುಗಳು ಸಾಕು. ಆ ಎರಡರ ಜೊತೆಗೆ ಅದೇ ರೇಖೆಯ ಮೇಲಿನ ಇನ್ನೆರಡು ಬಿಂದುಗಳನ್ನೂ ಬರೆದಿಟ್ಟರೆ, ನಾಲ್ಕರಲ್ಲಿ ಯಾವ ಎರಡು ಅಳಿಸಿಹೋದರೂ ಉಳಿದೆರಡರಿಂದ ರೇಖೆಯನ್ನು ಮರಳಿ ಪಡೆಯಬಹುದು. ಕ್ಯುಆರ್ ಕೋಡು ಇದೇ ತತ್ತ್ವವನ್ನು ರೇಖೆಯ ಬದಲು ಹೆಚ್ಚು ಜಟಿಲವಾದ ಸಮೀಕರಣಗಳ ಮೂಲಕ ಬಳಸಿಕೊಳ್ಳುತ್ತದೆ. ಅತಿ ಹೆಚ್ಚಿನ ರಕ್ಷಣೆಯ ಮಟ್ಟದಲ್ಲಿ ಮುದ್ರಿಸಿದ ಕೋಡಿನಲ್ಲಿ ಸುಮಾರು 30 ಶೇಕಡಾದಷ್ಟು ಮಾಹಿತಿ ಹಾಳಾದರೂ ಓದಿಗೆ ತೊಂದರೆಯಿಲ್ಲ. ನಡುವೆ ಕಂಪನಿಯವರು ತಮ್ಮ ಲಾಂಛನವನ್ನು ಧೈರ್ಯವಾಗಿ ಅಚ್ಚು ಹಾಕುವುದೂ ಇದೇ ಭರವಸೆಯ ಮೇಲೆ.

ಆ ಚೀಟಿಯೊಳಗೆ ಇರುವುದು ಒಂದು ಸಾಲಿನ ಅಕ್ಷರಗಳು: ಹಣ ಸೇರಬೇಕಾದ ವಿಳಾಸ ಮತ್ತು ಒಂದು ಹೆಸರು. ದೊಡ್ಡ ಅಂಗಡಿಗಳ ಬಿಲ್ಲಿಂಗ್ ಯಂತ್ರ ತೋರಿಸುವ ಕೋಡಿನಲ್ಲಿ ಇದರ ಜೊತೆಗೆ ಮೊತ್ತವೂ ಸೇರಿರುತ್ತದೆ. ಅದರಲ್ಲಿ ಗುಟ್ಟಿನ ಸಂಗತಿ ಏನೂ ಇಲ್ಲದ ಕಾರಣ ಚೀಟಿಯನ್ನು ಯಾರು ಫೋಟೊ ತೆಗೆದುಕೊಂಡರೂ ಅಂಗಡಿಯವರಿಗೆ ನಷ್ಟವಿಲ್ಲ. ನಷ್ಟವಾಗುವುದು ಅದರ ಮೇಲೆ ಬೇರೊಬ್ಬರು ತಮ್ಮ ಚೀಟಿ ಅಂಟಿಸಿ ಹೋದಾಗ. ಆಗ ಯಂತ್ರಕ್ಕೆ ಯಾವ ಅನುಮಾನವೂ ಬರುವುದಿಲ್ಲ, ತನಗೆ ಕಂಡ ವಿಳಾಸಕ್ಕೆ ಅದು ನಿಷ್ಠೆಯಿಂದ ಹಣ ಕಳಿಸುತ್ತದೆ. ಪಿನ್ ಒತ್ತುವ ಮೊದಲು ಪರದೆಯ ಮೇಲೆ ಬರುವ ಹೆಸರನ್ನು ಓದಿ ಹೇಳುವ ಗಿರಾಕಿ ಅಂಗಡಿಯವರಿಗೂ ಉಪಕಾರ ಮಾಡಿದಂತೆ.

ಇನ್ನು ಪಿನ್ ಒತ್ತಿದ ಮೇಲಿನ ಕಥೆ. ಈ ವ್ಯವಸ್ಥೆಯ ಹೆಸರು ಯುಪಿಐ. ಬ್ಯಾಂಕಿನಿಂದ ಬ್ಯಾಂಕಿಗೆ ತಕ್ಷಣ ಹಣ ಕಳಿಸುವ, 2010ರಲ್ಲಿ ಬಂದ ಐಎಂಪಿಎಸ್ ಎಂಬ ಏರ್ಪಾಡಿನ ಅಡಿಪಾಯದ ಮೇಲೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ ಇದನ್ನು ಕಟ್ಟಿತು. 2016ರ ಏಪ್ರಿಲ್ 11ರಂದು 21 ಬ್ಯಾಂಕುಗಳೊಂದಿಗೆ ಪ್ರಾಯೋಗಿಕವಾಗಿ ಆರಂಭಗೊಂಡಿತು. ಆ್ಯಪನ್ನು ಮೊದಲ ಸಲ ಹಾಕಿಕೊಂಡಾಗ ನಮ್ಮ ಫೋನಿನಿಂದ ಒಂದು ಎಸ್ಸೆಮ್ಮೆಸ್ ತಾನಾಗಿ ಹೋಗುವುದನ್ನು ಹಲವರು ಗಮನಿಸಿರಬಹುದು. ಖಾತೆಗೆ ಜೋಡಿಸಿದ ಮೊಬೈಲ್ ನಂಬರಿನ ಸಿಮ್ ಇದೇ ಫೋನಿನಲ್ಲಿದೆ ಎಂಬುದನ್ನು ಖಚಿತಪಡಿಸಿಕೊಂಡು, ಫೋನು, ಸಿಮ್ ಮತ್ತು ಆ್ಯಪ್ ಈ ಮೂರನ್ನೂ ಒಂದಕ್ಕೊಂದು ಕಟ್ಟಿಹಾಕುವ ಕ್ರಮ ಅದು. ಸಿಮ್ ಬದಲಿಸಿದರೆ ಮತ್ತೆ ಮೊದಲಿನಿಂದ ನೋಂದಾಯಿಸಿಕೊಳ್ಳಬೇಕಾಗುವುದು ಇದರಿಂದಲೇ. ಹೀಗೆ ನಮ್ಮ ಬಳಿ ಇರುವ ವಸ್ತುವೊಂದು ಮೊದಲ ಗುರುತಾದರೆ, ನಮ್ಮ ತಲೆಯಲ್ಲಿರುವ ಪಿನ್ ಎರಡನೆಯದು. ಕಳುವಾದ ಫೋನು ಪಿನ್ ಇಲ್ಲದೆ ನಡೆಯದು, ಕದ್ದು ನೋಡಿದ ಪಿನ್ ಫೋನಿಲ್ಲದೆ ನಡೆಯದು.

ಪಿನ್ ಒತ್ತುವ ಪುಟ ಆಯಾ ಆ್ಯಪಿಗೆ ಸೇರಿದ್ದಲ್ಲ ಎಂಬುದು ಹೆಚ್ಚಿನವರಿಗೆ ತಿಳಿಯದ ಸಂಗತಿ. ಫೋನ್‌ಪೇ ಇರಲಿ, ಗೂಗಲ್ ಪೇ ಇರಲಿ, ಆ ಒಂದು ಪುಟ ಪಾವತಿ ನಿಗಮ ಕೊಟ್ಟ ಸಾಮಾನ್ಯ ತಂತ್ರಾಂಶದ್ದು. ನಾವು ಒತ್ತಿದ ಅಂಕಿಗಳು ಅಲ್ಲೇ ಗೂಢಲಿಪಿಗೆ ತಿರುಗುತ್ತವೆ. ಹೊತ್ತೊಯ್ಯುವ ಆ್ಯಪಿಗೆ ಆ ಅಂಕಿಗಳು ಕಾಣಿಸುವುದಿಲ್ಲ, ಸರಿಯೋ ತಪ್ಪೋ ಎಂದು ನಿರ್ಧರಿಸುವುದು ನಮ್ಮ ಖಾತೆಯಿರುವ ಬ್ಯಾಂಕು. ಆ್ಯಪಿನಿಂದ ಹೊರಟ ಆದೇಶ ಅದರ ಪಾಲುದಾರ ಬ್ಯಾಂಕಿನ ಮೂಲಕ ನಿಗಮದ ಕೇಂದ್ರವನ್ನು ತಲುಪುತ್ತದೆ. ಕೇಂದ್ರವು ಅಂಗಡಿಯವರ ವಿಳಾಸ ಯಾವ ಖಾತೆಯದೆಂದು ವಿಚಾರಿಸಿಕೊಂಡು, ಗಿರಾಕಿಯ ಬ್ಯಾಂಕಿಗೆ ಖರ್ಚು ಹಾಕಲು ಹೇಳುತ್ತದೆ. ಅಲ್ಲಿಂದ ಒಪ್ಪಿಗೆ ಬಂದ ಮೇಲೆ ಅಂಗಡಿಯವರ ಬ್ಯಾಂಕಿಗೆ ಜಮೆ ಮಾಡಲು ಹೇಳುತ್ತದೆ. ಆಮೇಲೆ ಎರಡೂ ಕಡೆಗೆ ಸುದ್ದಿ ಮುಟ್ಟಿಸುತ್ತದೆ. ಎರಡು ಬ್ಯಾಂಕುಗಳ ನಡುವೆ ಆ ಕ್ಷಣಕ್ಕೆ ಹಣ ದಾಟಿರುವುದಿಲ್ಲ. ಯಾರು ಯಾರಿಗೆ ಒಟ್ಟು ಎಷ್ಟು ಕೊಡಬೇಕೆಂಬುದನ್ನು ಕೂಡಿ ಕಳೆದು, ದಿನಕ್ಕೆ ಹಲವು ಸುತ್ತುಗಳಲ್ಲಿ ರಿಸರ್ವ್ ಬ್ಯಾಂಕಿನಲ್ಲಿ ತೀರಿಸಲಾಗುತ್ತದೆ. 2025ರ ಆಗಸ್ಟ್ ತಿಂಗಳಲ್ಲಿ ಇಂಥ ವಹಿವಾಟುಗಳ ಸಂಖ್ಯೆ 2,000 ಕೋಟಿ ದಾಟಿತು. ಲೆಕ್ಕ ಹಾಕಿದರೆ ಹಗಲು ರಾತ್ರಿ ಸೇರಿಸಿ ಸೆಕೆಂಡಿಗೆ ಸರಾಸರಿ 7,000ಕ್ಕೂ ಹೆಚ್ಚು.

ಈ ಇಡೀ ಓಟದಲ್ಲಿ ಪಿನ್ ಬೇಕಾಗಿದ್ದು ಒಂದೇ ಕಡೆ, ಕೊಡುವವರ ಖಾತೆಯಿಂದ ತೆಗೆಯುವಾಗ. ಪಡೆಯುವವರು ಏನನ್ನೂ ಒತ್ತಬೇಕಿಲ್ಲ. ಧಾರವಾಡದ ನಿವೃತ್ತ ಶಿಕ್ಷಕರೊಬ್ಬರು ಹಳೆಯ ಕಪಾಟು ಮಾರಾಟಕ್ಕಿದೆಯೆಂದು ಮೊಬೈಲಿನಲ್ಲಿ ಜಾಹೀರಾತು ಹಾಕಿದರೆನ್ನಿ. ಒಂದು ಗಂಟೆಯೊಳಗೆ ಫೋನು ಬರುತ್ತದೆ. ಆ ಕಡೆಯವರು ಚೌಕಾಸಿ ಮಾಡುವುದಿಲ್ಲ, ಕಪಾಟು ನೋಡಲೂ ಬರುವುದಿಲ್ಲ, ‘ಮುಂಗಡ ಕಳಿಸಿದ್ದೇನೆ, ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಜಮೆಯಾಗುತ್ತದೆ’ ಎನ್ನುತ್ತಾರೆ. ಪಿನ್ ಎಂಬುದು ಹಣ ತೆಗೆಯುವ ಚೀಟಿಯ ಸಹಿ ಎಂದು ಬಲ್ಲವರು ಅಲ್ಲಿಗೇ ಫೋನು ಇಡುತ್ತಾರೆ. ಇಂಥ ಮೋಸಕ್ಕೆ ಬಹಳ ಬಳಕೆಯಾಗುತ್ತಿದ್ದ, ವ್ಯಕ್ತಿಯೊಬ್ಬರು ಇನ್ನೊಬ್ಬರಿಂದ ಹಣ ಕೇಳಿ ಕಳಿಸುವ ‘ಕಲೆಕ್ಟ್’ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ. ಬಾಗಿಲು ಒಂದು ಮುಚ್ಚಿತು. ಕೋಡು ಕಳಿಸಿ ಪಿನ್ ಒತ್ತಿಸುವ ದಾರಿ ಇನ್ನೂ ತೆರೆದೇ ಇದೆ. ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ, ಆ ಮೊತ್ತ ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಹಿಡಿಯುವ ಸಾಧ್ಯತೆ ಇರುತ್ತದೆ.

ಮೋಸ ಅಂಗಡಿಯವರಿಗೂ ತಪ್ಪಿದ್ದಲ್ಲ. ಹಸಿರು ಗುರುತು ತೋರಿಸುವ ನಕಲಿ ಆ್ಯಪುಗಳಿವೆ. ಗಿರಾಕಿಯ ಪರದೆ ನೋಡಿ ‘ಆತು ಹೋಗ್ರಿ’ ಎನ್ನುವ ಅಂಗಡಿಯವರು ಸಂಜೆ ಲೆಕ್ಕ ಕೂಡಿಸುವಾಗ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಕೂಗುವ ಪೆಟ್ಟಿಗೆ ಬಂದದ್ದು ಈ ಅವಿಶ್ವಾಸಕ್ಕೆ ಮದ್ದಾಗಿ. ಅದರೊಳಗೆ ಅದರದೇ ಸಿಮ್ ಇದೆ, ಗಿರಾಕಿಯ ಫೋನಿಗೂ ಅದಕ್ಕೂ ಯಾವ ಸಂಪರ್ಕವೂ ಇಲ್ಲ. ಪಾವತಿ ಆಯಿತೆಂದು ಕಂಪನಿಯ ಸರ್ವರ್ ಕಳಿಸಿದ ಸಂದೇಶ ಬಂದಾಗ ಮಾತ್ರ ಅದು ಬಾಯಿ ಬಿಡುತ್ತದೆ. ನೆಟ್‌ವರ್ಕ್ ಇಲ್ಲದಾಗ ಹಣ ಬಂದರೂ ಸುಮ್ಮನಿರುತ್ತದೆ ಎಂಬುದು ಬೇರೆ ಮಾತು. 2020ರ ಜನವರಿಯಿಂದ ಬ್ಯಾಂಕ್ ಖಾತೆಯಿಂದ ನೇರವಾಗಿ ಮಾಡುವ ಯುಪಿಐ ಪಾವತಿಗೆ ಅಂಗಡಿಯವರಿಂದ ಶುಲ್ಕ ಪಡೆಯುವಂತಿಲ್ಲ. ಹಾಗಾಗಿ ಈ ಪೆಟ್ಟಿಗೆಯ ಬಾಡಿಗೆ ಕಂಪನಿಗಳಿಗೆ ಒಂದು ಆದಾಯದ ಮೂಲವೂ ಆಗಿದೆ.

ಎಲ್ಲಕ್ಕಿಂತ ಹೆಚ್ಚು ಜಗಳ ಹುಟ್ಟಿಸುವುದು ಹೋಗಿಯೂ ಮುಟ್ಟದ ಹಣ. ಬಸ್ಸಿನಲ್ಲಿ ಉಳಿದ ಚಿಲ್ಲರೆಯನ್ನು ಟಿಕೆಟ್ಟಿನ ಬೆನ್ನಿಗೆ ಬರೆದುಕೊಡುವ ಕಿರಿಕಿರಿಯನ್ನು ಕಂಡಕ್ಟರ ಕೈಯಲ್ಲಿರುವ ಕ್ಯುಆರ್ ತಪ್ಪಿಸಿತು ನಿಜ. ಆದರೆ ಹುಬ್ಬಳ್ಳಿ ದಾಟಿ ಅಣ್ಣಿಗೇರಿಯ ಹೊಲಗಳ ನಡುವೆ ಸಿಗ್ನಲ್ಲು ಕೈಕೊಟ್ಟಾಗ ‘ಖಾತೆಯಿಂದ ಕಟ್ ಆಗೇದ್ರಿ’ ಎನ್ನುವ ಪ್ರಯಾಣಿಕರದೂ ‘ನನಗ ಬಂದಿಲ್ರಿ’ ಎನ್ನುವ ಕಂಡಕ್ಟರದೂ ಸುಳ್ಳಲ್ಲ. ಖರ್ಚು ಹಾಕಿದ್ದಾಗಿದೆ, ಜಮೆಯ ಉತ್ತರ ಸಕಾಲಕ್ಕೆ ಕೇಂದ್ರಕ್ಕೆ ಬಂದಿಲ್ಲ. ಇಂಥ ಅತಂತ್ರ ಸ್ಥಿತಿಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಗಡುವು ಹಾಕಿದೆ: ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಹಣ ಜಮೆಯಾಗದಿದ್ದರೆ ಮರುದಿನದೊಳಗೆ, ವ್ಯಾಪಾರಿಗೆ ಕಳಿಸಿದ್ದಾದರೆ ಐದು ದಿನದೊಳಗೆ ಸರಿಪಡಿಸಬೇಕು, ತಪ್ಪಿದರೆ ಗ್ರಾಹಕರಿಗೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಬಹಳ ಜನ ಈ ನೂರು ರೂಪಾಯಿಯನ್ನು ಕೇಳುವುದೇ ಇಲ್ಲ.

ಕೇಳುವುದು ಬೇರೊಂದನ್ನು: ‘ಹೋಯಿತೇ, ಇಲ್ಲವೇ?’ ಈ ಪ್ರಶ್ನೆಗೂ ಒಂದು ಭಾರವಿದೆ. 2025ರ ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ಗಂಟೆಗಟ್ಟಲೆ ತೊಡಕಿಗೆ ಸಿಕ್ಕಿದಾಗ, ಕೆಲವು ಬ್ಯಾಂಕುಗಳ ಕಡೆಯಿಂದ ವಹಿವಾಟಿನ ಸ್ಥಿತಿ ವಿಚಾರಿಸುವ ಕೋರಿಕೆಗಳು ಮಿತಿಮೀರಿ ಬಂದದ್ದೇ ಕಾರಣವೆಂದು ನಿಗಮ ಕಂಡುಕೊಂಡಿತು. ಆಗಸ್ಟ್ 1ರಿಂದ ಒಂದು ಆ್ಯಪಿನಲ್ಲಿ ದಿನಕ್ಕೆ 50 ಸಲಕ್ಕಿಂತ ಹೆಚ್ಚು ಬ್ಯಾಲೆನ್ಸ್ ನೋಡುವಂತಿಲ್ಲ ಎಂಬ ಮಿತಿ ಬಂದದ್ದೂ ಕೇಂದ್ರದ ಮೇಲಿನ ಒತ್ತಡ ಇಳಿಸಲು. ಚಹಾದಂಥ ಸಣ್ಣ ಪಾವತಿಗಳಿಗೆ 2022ರಲ್ಲಿ ಬಂದ ಯುಪಿಐ ಲೈಟ್ ಅದೇ ಭಾರವನ್ನು ಇನ್ನೊಂದು ರೀತಿಯಲ್ಲಿ ಹಗುರಗೊಳಿಸುತ್ತದೆ: ಮೊದಲೇ ಸ್ವಲ್ಪ ಹಣ ಬೇರೆಯಾಗಿ ಎತ್ತಿಟ್ಟರೆ ಪಿನ್ ಇಲ್ಲದೆ, ಪ್ರತಿಸಲ ಬ್ಯಾಂಕಿನ ಮುಖ್ಯ ಸರ್ವರನ್ನು ತಟ್ಟದೆ ಖರ್ಚು ಮಾಡಬಹುದು, ಪಾಸ್‌ಬುಕ್ಕಿನಲ್ಲಿ ಹತ್ತು ರೂಪಾಯಿಯ ಸಾಲುಗಳೂ ತುಂಬುವುದಿಲ್ಲ. ಹಣ ಫೋನಿನಲ್ಲಿದೆ ಎಂಬ ಮಾತಿಗೆ ಸ್ವಲ್ಪವಾದರೂ ಆಧಾರ ಸಿಗುವುದು ಇಲ್ಲಿ ಮಾತ್ರ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಕಥೆ ತಿರುವುಮುರುವು: ಹಮಾಲರ ಚಹಾ, ಊಟಕ್ಕೆ ಯುಪಿಐ ಸಾಕು, ದಿನಕ್ಕೆ ಸಾಮಾನ್ಯವಾಗಿ ಒಂದು ಲಕ್ಷದ ಮಿತಿಯಿರುವುದರಿಂದ ಲೋಡುಗಟ್ಟಲೆ ಮಾಲಿನ ಹಣಕ್ಕೆ ನೆಫ್ಟ್, ಆರ್‌ಟಿಜಿಎಸ್ ಎಂಬ ಬ್ಯಾಂಕ್ ವರ್ಗಾವಣೆಯ ದಾರಿಯೇ ಆಗಬೇಕು.

ಈ ವ್ಯವಸ್ಥೆಯ ಮೇಲೆ ನನಗಿರುವ ಒಂದು ಆಕ್ಷೇಪವನ್ನು ಇಲ್ಲಿ ಹೇಳಬೇಕು. ಒಂದು ಫೋನು, ಒಬ್ಬ ವ್ಯಕ್ತಿ ಎಂಬ ಎಣಿಕೆಯ ಮೇಲೆ ಇದು ನಿಂತಿದೆ. ಗದಗ ಜಿಲ್ಲೆಯ ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಮನೆಗೊಂದೇ ಸ್ಮಾರ್ಟ್‌ಫೋನು ಇರುವುದು ಅಪರೂಪವಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಅಜ್ಜಿಯ ಖಾತೆಗೆ ಬರುತ್ತದೆ, ಖಾತೆಗೆ ಜೋಡಿಸಿದ ಸಿಮ್ ಮೊಮ್ಮಗನ ಫೋನಿನಲ್ಲಿರುತ್ತದೆ. ‘ತಮ್ಮಾ, ರೊಕ್ಕ ಬಂದೈತೇನ್ ನೋಡಪಾ’ ಎಂದು ಆಕೆ ಕೇಳಿದಾಗ ಆತ ಫೋನಿನ ಕವರು ಬಿಚ್ಚುತ್ತಾನೆ; ಒಳಗೆ ಬಾಲ್‌ಪೆನ್ನಿನಲ್ಲಿ ಬರೆದ ನಾಲ್ಕು ಅಂಕಿ. ವಸ್ತುವೂ ಗುಟ್ಟೂ ಒಂದೇ ಕಡೆ ಸೇರಿದಾಗ ಎರಡು ಬೀಗಗಳು ಒಂದಾದವು. ಅದೇ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ಸದಸ್ಯರ ಮುಖಪರಿಚಯವೇ ಅದರ ಬಲವಾಗಿತ್ತು. ಯಂತ್ರಕ್ಕೆ ಮುಖದ ದಾಕ್ಷಿಣ್ಯವಿಲ್ಲ, ಪಿನ್ ಒತ್ತಿದವರೇ ಅದರ ಪಾಲಿಗೆ ಅಜ್ಜಿ. ಕೀಪ್ಯಾಡ್ ಫೋನಿನವರಿಗಾಗಿ 2022ರ ಮಾರ್ಚಿನಲ್ಲಿ ಯುಪಿಐ 123ಪೇ ಬಂತು, ಕರೆ ಮಾಡಿ ಗುಂಡಿ ಒತ್ತುತ್ತ ಪಾವತಿಸಬಹುದು. ಇಂಟರ್ನೆಟ್ ಇಲ್ಲದೆ ಡಯಲ್ ಮಾಡಿ ಬಳಸುವ *99# ಸೇವೆ ಅದಕ್ಕೂ ಹಳೆಯದು. 2024ರಲ್ಲಿ ಬಂದ ಯುಪಿಐ ಸರ್ಕಲ್‌ನಲ್ಲಿ ಪಿನ್ ಕೊಡದೆಯೇ ಮನೆಯ ಇನ್ನೊಬ್ಬರಿಗೆ ಮಿತಿ ಹಾಕಿ ಪಾವತಿಸಲು ಬಿಡಬಹುದು. ಇವೆಲ್ಲ ಸರಿಯಾದ ದಿಕ್ಕಿನಲ್ಲಿವೆ, ಆದರೆ ಕವರಿನೊಳಗಿನ ಬರಹದಷ್ಟು ಸಲೀಸಾಗಿಲ್ಲ.

ಬ್ಯಾಂಕಿನ ಲೆಕ್ಕದಲ್ಲಿ ಬಿದ್ದದ್ದು ಅಳಿಯುವುದಿಲ್ಲ ಎಂಬುದು ವ್ಯಾಪಾರಿಗಳಿಗೆ ಚೆನ್ನಾಗಿ ಮನದಟ್ಟಾದದ್ದು 2025ರ ಜುಲೈನಲ್ಲಿ. ಯುಪಿಐ ಮೂಲಕ ಬಂದ ಮೊತ್ತವನ್ನು ಆಧರಿಸಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಗಳಿಗೆ ನೋಟಿಸು ಕಳಿಸಿತು. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕೆಂಬುದು ನಿಯಮ. ಬೆಂಗಳೂರಿನಲ್ಲಿ ಹಲವರು ಕ್ಯುಆರ್ ಚೀಟಿ ಕಿತ್ತು ‘ಯುಪಿಐ ಇಲ್ಲ, ನಗದು ಮಾತ್ರ’ ಎಂದು ಬೋರ್ಡು ಹಾಕಿದರು. ಮುಖ್ಯಮಂತ್ರಿಗಳು ವರ್ತಕರ ಜೊತೆ ಸಭೆ ನಡೆಸಿ ಹಳೆಯ ಬಾಕಿಗೆ ಒತ್ತಾಯಿಸುವುದಿಲ್ಲವೆಂದ ಮೇಲೆ ಗದ್ದಲ ತಣಿಯಿತು. ಯುಪಿಐ ದಾಖಲೆ ಎಷ್ಟು, ಯಾರಿಂದ, ಯಾವಾಗ ಎಂಬುದನ್ನು ಹೇಳುತ್ತದೆ, ಯಾತಕ್ಕೆ ಎಂಬುದನ್ನು ಹೇಳುವುದಿಲ್ಲ. ತೆರಿಗೆಯಿಲ್ಲದ ಹಾಲು, ಕಾಯಿಪಲ್ಲೆ ಮಾರಿ ಬಂದದ್ದು, ಭಾವಮೈದುನ ತೀರಿಸಿದ ಕೈಗಡ, ಮಗಳು ಹಬ್ಬಕ್ಕೆ ಕಳಿಸಿದ್ದು ಎಲ್ಲವೂ ಅಲ್ಲಿ ಒಂದೇ ಬಗೆಯ ಜಮೆ. ಅಂಗಡಿಗೊಂದು, ಮನೆಗೊಂದು ಎಂದು ಖಾತೆಯನ್ನೂ ಕ್ಯುಆರ್ ಚೀಟಿಯನ್ನೂ ಬೇರೆಬೇರೆ ಇಟ್ಟುಕೊಂಡವರಿಗೆ ಇಂಥ ನೋಟಿಸಿಗೆ ಉತ್ತರ ಬರೆಯುವ ಕೆಲಸ ಅಷ್ಟರಮಟ್ಟಿಗೆ ಹಗುರ.