ಗಾಡಿ ಎತ್ತರ ಮಾಡಿಸಿದ್ರಾ? ಹಾಗಾದ್ರೆ ಹಿಂದಿನ ಬ್ರೇಕ್ ನೋಡಿಸಿ

ಜಗಳೂರು ಕಡೆಯ ಒಬ್ಬ ಹುಡುಗ ಹೋದ ತಿಂಗಳು ರಿಪೇರಿಗೆ ಅಂತ ನನ್ನ ಹತ್ತಿರ ಪಿಕಪ್ ತಂದಿದ್ದ. ಡಬಲ್ ಕ್ಯಾಬ್, ಫೋರ್ ವೀಲ್. 2 ಇಂಚು ಲಿಫ್ಟ್ ಮಾಡಿಸಿ, ಹಿಂದೆ ಒಂದು ಕಮಾನ್ ಪಟ್ಟಿ (ಲೀಫ್ ಸ್ಪ್ರಿಂಗ್) ಜಾಸ್ತಿ ಹಾಕಿಸಿದ್ದ. ಲಿಫ್ಟ್ ಆದ ಮೇಲೆ ಹಿಂದಿನ ಬ್ರೇಕ್ ಹಿಡಿಯುತ್ತಿಲ್ಲ ಅನಿಸಿ ತಾನೇ ಸೆಟ್ ಮಾಡಿಕೊಂಡಿದ್ದ. ಅದಾದ ಮೇಲೆ ಒಂದು ದಿನ ಹೈವೇ ಪಕ್ಕದ ಸರ್ವೀಸ್ ರಸ್ತೆಯಲ್ಲಿ ಬೈಕೊಂದು ಅಡ್ಡ ಬಂತು, ಬ್ರೇಕ್ ಒತ್ತಿದ, ಗಾಡಿಯ ಹಿಂಭಾಗ ಗಿರ್ರಂತ ತಿರುಗಿ ರಸ್ತೆಗೆ ಅಡ್ಡ ನಿಂತಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. "ಅಣ್ಣಾ, ಹೊಲದಾಗೆ ಎಷ್ಟು ಚೆನ್ನಾಗಿ ನಿಲ್ತಿತ್ತು ಗೊತ್ತಾ" ಅಂದ. ಅವನು ಹೇಳಿದ್ದು ನಿಜ. ಎಡವಟ್ಟು ಆಗಿದ್ದೂ ಅಲ್ಲೇ.

ಗಾಡಿಯ ಕೆಳಗೆ ಮಲಗಿ ನೋಡಿ. ಹಿಂದಿನ ಹೌಸಿಂಗ್, ಅಂದರೆ ಹಿಂದಿನ ಎರಡು ಚಕ್ರಗಳ ನಡುವಿನ ಆಕ್ಸಲ್ ಕವಚದ ಮೇಲಿಂದ ಒಂದು ತೆಳು ರಾಡ್ ಚಾಸಿಯಲ್ಲಿರುವ ವಾಲ್ವ್‌ಗೆ ಹೋಗಿರುತ್ತದೆ. ನಮ್ಮ ಕಡೆ ಅದನ್ನು ಲೋಡ್ ವಾಲ್ವ್ ಅಂತೀವಿ. ಲೋಡ್ ಬಿದ್ದು ಚಾಸಿ ಇಳಿದಾಗ ರಾಡ್ ವಾಲ್ವಿನ ಲಿವರ್ ಅನ್ನು ಮೇಲಕ್ಕೆ ಒತ್ತುತ್ತದೆ, ಹಿಂದಿನ ಚಕ್ರಗಳಿಗೆ ಎಣ್ಣೆಯ ಒತ್ತಡ ಜಾಸ್ತಿ ಹೋಗುತ್ತದೆ. ಗಾಡಿ ಖಾಲಿ ಇದ್ದಾಗ ಕಡಿಮೆ. ವಾಲ್ವ್‌ಗೆ ತೂಕ ಗೊತ್ತಾಗಲ್ಲ, ಚಾಸಿಗೂ ಹೌಸಿಂಗಿಗೂ ನಡುವಿನ ಅಂತರ ಅಷ್ಟೇ ಗೊತ್ತು. 2 ಇಂಚು ಎತ್ತಿದರೆ ಗಾಡಿ ಖಾಲಿಗಿಂತಲೂ ಖಾಲಿ ಇದೆ ಅಂದುಕೊಂಡು ಹಿಂದಿನ ಬ್ರೇಕ್ ಅನ್ನು ಇನ್ನೂ ಕಡಿಮೆ ಮಾಡುತ್ತದೆ. ಮುಂದಿನ ಪ್ಯಾಡ್ ಬೇಗ ಸವೆದು, ಹಿಂದಿನ ಲೈನರ್ ಮಾತ್ರ ಹೊಸದರಂತೆ ಉಳಿದಿದ್ದರೆ ಮೊದಲು ಈ ರಾಡ್ ಮೇಲೆ ಅನುಮಾನ ಪಡಿ.

ಹುಡುಗ ಇದನ್ನು ಸರಿಯಾಗೇ ಕಂಡುಹಿಡಿದಿದ್ದ. ಆದರೆ ಹೌಸಿಂಗ್ ಮೇಲೆ ಈ ರಾಡ್ ಕೂರುವ ಬ್ರಾಕೆಟ್ ಅನ್ನು 2 ಇಂಚಿನ ಬದಲು 4 ಇಂಚು ಎತ್ತರಿಸಿಬಿಟ್ಟಿದ್ದ. ವಾಲ್ವ್ ಅದನ್ನು ಲೋಡ್ ಅಂದುಕೊಂಡು ಖಾಲಿ ಗಾಡಿಗೂ ಹಿಂದಿನ ಬ್ರೇಕ್ ಜಾಸ್ತಿ ಕೊಡುತ್ತಿತ್ತು. ಆಮೇಲೆ ಉತ್ತ ಹೊಲದಲ್ಲಿ ಓಡಿಸಿ, ನಾಲ್ಕೂ ಚಕ್ರ ಒಟ್ಟಿಗೆ ಹಿಡಿಯುವುದನ್ನು ನೋಡಿ ಖುಷಿಪಟ್ಟಿದ್ದ.

ಇದೊಂದನ್ನು ನಿಧಾನವಾಗಿ ಓದಿ. ಬ್ರೇಕ್ ಒತ್ತಿದಾಗ ತೂಕ ಮುಂದಕ್ಕೆ ವಾಲುತ್ತದೆ ಅಲ್ವಾ? ಸುಮಾರು 2000 ಕೆಜಿ ಗಾಡಿ, ಖಾಲಿ ಇದ್ದಾಗ ಹಿಂದೆ 900 ಕೆಜಿ ಅಂತ ಇಟ್ಟುಕೊಳ್ಳಿ. ಒಣ ಡಾಂಬರಿನ ಮೇಲೆ ಜೋರಾಗಿ ಬ್ರೇಕ್ ಹಾಕಿದರೆ ಅದರಲ್ಲಿ ಹೆಚ್ಚೂಕಡಿಮೆ 300 ಕೆಜಿ ಮುಂದಕ್ಕೆ ಹೋಗುತ್ತದೆ. ಹಿಂದೆ ಉಳಿಯುವುದು 600. ಸಡಿಲ ಮಣ್ಣಲ್ಲಿ ಟಯರಿಗೆ ಅಷ್ಟು ಹಿಡಿತವೇ ಸಿಗುವುದಿಲ್ಲ, ಗಾಡಿ ಅಷ್ಟು ಜೋರಾಗಿ ನಿಲ್ಲುವುದೂ ಇಲ್ಲ, ಹಾಗಾಗಿ ಮುಂದಕ್ಕೆ ಹೋಗುವ ತೂಕ ಅದರ ಅರ್ಧ ಇರಬಹುದು. ಹಿಂದಿನ ಚಕ್ರಗಳ ಮೇಲೆ ಭಾರ ಉಳಿದಿರುತ್ತದೆ, ಆದ್ದರಿಂದ ಅವು ಮುಂದಿನವಕ್ಕಿಂತ ಮೊದಲು ಲಾಕ್ ಆಗಲ್ಲ, ಅಂದರೆ ತಿರುಗುವುದು ನಿಂತು ಜಾರಲ್ಲ. ಹೊಲದಲ್ಲಿ ಸರಿ ಅನಿಸಿದ ಸೆಟ್ಟಿಂಗ್ ಡಾಂಬರಿನ ಮೇಲೆ ಹಿಂದಿನ ಚಕ್ರವನ್ನು ಮೊದಲು ಲಾಕ್ ಮಾಡುವುದು ಇದಕ್ಕೇ. ಮುಂದಿನದು ಮೊದಲು ಲಾಕ್ ಆದರೆ ಸ್ಟೇರಿಂಗ್ ಕೇಳಲ್ಲ, ಆದರೂ ಗಾಡಿ ನೇರ ಹೋಗುತ್ತದೆ. ಹಿಂದಿನದು ಮೊದಲು ಲಾಕ್ ಆದರೆ ಗಾಡಿ ತಿರುಗುತ್ತದೆ. ಜೋಗಿಮಟ್ಟಿಯ ಇಳಿಜಾರಲ್ಲಿ ಹೀಗಾದರೆ ಏನು ಗತಿ ಅಂತ ನೆನೆಸಿಕೊಂಡರೇ ನನಗೆ ಭಯ ಆಗುತ್ತದೆ.

ವಾಲ್ವ್ ಮುಟ್ಟುವ ಮೊದಲು ಡ್ರಮ್ ಬಿಚ್ಚಿ. ಹುಡುಗನ ಗಾಡಿಯಲ್ಲಿ ಎಡಗಡೆ ಡ್ರಮ್ ತೆಗೆದರೆ ಒಂದು ಹಿಡಿ ಕೆಂಪು ಮಣ್ಣು ಉದುರಿತು, ಅಡ್ಜಸ್ಟರ್ ತುಕ್ಕು ಹಿಡಿದು ತಿರುಗುತ್ತಲೇ ಇರಲಿಲ್ಲ. ಎರಡೂ ಕಡೆ ಕ್ಲೀನ್ ಮಾಡಿ, ಲೈನರ್ ಡ್ರಮ್ಮಿಗೆ ಸ್ವಲ್ಪವೇ ಸವರುವಷ್ಟು ಟೈಟ್ ಮಾಡಿ, ಆಮೇಲೆ ಬ್ರೇಕ್ ಎಣ್ಣೆಯ ಪೈಪಿನಲ್ಲಿ ಸಿಕ್ಕಿಕೊಂಡ ಏರ್ ತೆಗೆದೆವು. ಏರ್ ತೆಗೆಯುವಾಗ ಚಾಸಿಗೆ ಜಾಕ್ ಕೊಟ್ಟು ಹೌಸಿಂಗ್ ಜೋತು ಬಿಡಬೇಡಿ. ಹಾಗೆ ಬಿಟ್ಟರೆ ವಾಲ್ವ್ ಹಿಂದಿನ ಚಕ್ರಗಳಿಗೆ ಎಣ್ಣೆ ಸರಿಯಾಗಿ ಬಿಡದೆ ಏರ್ ಒಳಗೇ ಉಳಿಯುತ್ತದೆ. ಭಾರ ಚಕ್ರದ ಮೇಲೇ ಇರಲಿ.

ಬ್ರಾಕೆಟ್ ಅನ್ನು ಲಿಫ್ಟ್ ಎಷ್ಟೋ ಅಷ್ಟೇ ಎತ್ತರಿಸಬೇಕು. 2 ಇಂಚಿಗೆ 2 ಇಂಚು. ಲಿವರ್ ಮೊದಲು ಯಾವ ಕೋನದಲ್ಲಿತ್ತೋ ಅಲ್ಲಿಗೇ ಬರಬೇಕು. ನಾನು ಮುಂದೊಂದು ಹಿಂದೊಂದು ಪ್ರೆಶರ್ ಗೇಜ್ ಹಾಕಿ, ಕಂಪನಿಯ ಸರ್ವೀಸ್ ಪುಸ್ತಕದ ಲೆಕ್ಕಕ್ಕೆ ತಾಳೆ ನೋಡುತ್ತೇನೆ. ಗೇಜ್ ಇಲ್ಲದವರು ಅದೇ ಮಾಡೆಲ್ಲಿನ, ಏನೂ ಬದಲಾಯಿಸದ ಗಾಡಿಯ ಲಿವರ್ ನೋಡಿ ಹೊಂದಿಸಿ. ರಾಡ್ ಉದ್ದವನ್ನು ಒಂದು ಸಲಕ್ಕೆ 3 ಮಿಲಿಮೀಟರ್‌ಗಿಂತ ಜಾಸ್ತಿ ಬದಲಾಯಿಸಬೇಡಿ. ನಟ್ ಮೇಲೆ ಬಿಳಿ ಪೇಂಟಿನ ಗೆರೆ ಎಳೆದಿಟ್ಟುಕೊಳ್ಳಿ.

ಕೊನೆಯ ಟೆಸ್ಟ್ ಒಣ ಡಾಂಬರಿನ ಮೇಲೇ ಆಗಬೇಕು. ಖಾಲಿ ಗಾಡಿ, ಜನ ಇಲ್ಲದ ಅಗಲ ಜಾಗ, 40 ಕಿಲೋಮೀಟರ್ ವೇಗ. ದೂರದಲ್ಲಿ ನಿಂತ ಒಬ್ಬರು ಯಾವ ಚಕ್ರ ಮೊದಲು ನಿಂತಿತು ನೋಡಲಿ. ಲಾಕ್ ಆದ ಕೂಡಲೇ ಕಾಲು ತೆಗೆಯಿರಿ. ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಹೀಗೆ ಗೊತ್ತಾಗಲ್ಲ, ಅದಕ್ಕೆ ಗೇಜೇ ಬೇಕು. ಟೆಸ್ಟಿಗೋಸ್ಕರ ಎಬಿಎಸ್ ಫ್ಯೂಸ್ ಕೀಳುವವರನ್ನು ನೋಡಿದ್ದೇನೆ, ದಯವಿಟ್ಟು ಮಾಡಬೇಡಿ.

ಜಾಸ್ತಿ ಕಮಾನ್ ಪಟ್ಟಿಯದು ಬೇರೆ ತಲೆನೋವು. 10 ಮೂಟೆ ಸಿಮೆಂಟ್, ಅಂದರೆ 500 ಕೆಜಿ ಹೇರಿದೆವು. ಹಳೇ ಸೆಟ್ಟಲ್ಲಿ ಸುಮಾರು 70 ಮಿಲಿಮೀಟರ್ ಇಳಿಯಬೇಕಿದ್ದ ಗಾಡಿ 45 ಮಾತ್ರ ಇಳಿಯಿತು. ಅಂದರೆ ವಾಲ್ವ್ ಲೆಕ್ಕದಲ್ಲಿ ಅಲ್ಲಿರುವುದು 300 ಚಿಲ್ಲರೆ ಕೆಜಿ. ಲೋಡ್ ಇದ್ದಾಗ ಹಿಂದಿನ ಬ್ರೇಕ್ ಕಡಿಮೆ ಆಗುತ್ತದೆ. ಅದನ್ನು ಸರಿ ಮಾಡಲು ರಾಡ್ ಎತ್ತರಿಸಿದರೆ ಖಾಲಿ ಗಾಡಿ ತಿರುಗುತ್ತದೆ. ನನ್ನ ಕೈಯಲ್ಲಿ ಖಾಲಿ ಗಾಡಿಗೇ ಮೊದಲ ಮಣೆ. ಹುಡುಗನಿಗೆ ಎರಡೇ ದಾರಿ ಹೇಳಿದೆ: ಆ ಪಟ್ಟಿ ತೆಗೆಸು, ಇಲ್ಲಾಂದ್ರೆ ಈರುಳ್ಳಿ ಹೇರುವಾಗ ಮೂಟೆ ಕಡಿಮೆ ಮಾಡಿ ನಿಧಾನ ಓಡಿಸು. ಒಂದು ದಿನ ಯೋಚನೆ ಮಾಡಿ ಪಟ್ಟಿ ತೆಗೆಸಿದ. ಲಿಫ್ಟ್ ಎತ್ತರವೂ ಸ್ವಲ್ಪ ಇಳಿಯಿತು, ಬ್ರಾಕೆಟ್ ಮತ್ತೆ ಅಳತೆ ಮಾಡಿ ಕೂರಿಸಿದೆವು.

ಚಾಸಿ ಮೇಲೆ ವಾಲ್ವ್ ಪಕ್ಕದಲ್ಲೇ ಲಿಫ್ಟ್ ಎಷ್ಟು, ರಾಡ್ ಉದ್ದ ಎಷ್ಟು ಅಂತ ಪೇಂಟಲ್ಲಿ ಬರೆದು ಕಳಿಸಿದ್ದೇನೆ. ಮುಂದೆ ಯಾರ ಕೈಗೆ ಹೋದರೂ ಅವರಿಗೆ ಕಾಣಲಿ.